ರಾಜ್ಯಪಲ್ಲಟವೂ ಪೌರತ್ವದ ಅರ್ಜಿಗಳೂ

ಯಾರ ರಾಜ್ಯವು ಬಂದರೂ ರಾಗಿ ಬೀಸುವುದು ತಪ್ಪದೆಂಬುದು ನಮ್ಮ ನಾಡಿನ ಹಳೆಯ ಗಾದೆ. ಕೃಷ್ಣಾತೀರದ ಕಡೆಗೆ ಹೋದರೆ ರಾಗಿಯ ಸ್ಥಾನದಲ್ಲಿ ಜೋಳವನ್ನು ಹೇಳಬೇಕಾದೀತು. ಅರ್ಥದಲ್ಲಿ ಮಾತ್ರ ಭೇದವಿಲ್ಲ. ಅರಸರು ಬರುವರು, ಹೋಗುವರು. ಒಕ್ಕಲಿಗನು ಬಿತ್ತುವನು, ಅವನ ಮನೆಯಾಕೆಯು ಬೀಸುವಳು. ಕಂದಾಯವನ್ನು ಮಾತ್ರ ಬೇರೊಂದು ಕೈಗೆ ಸಲ್ಲಿಸಬೇಕಾಗುವುದು ಎಂಬುದೇ ಗಾದೆಯ ತಾತ್ಪರ್ಯ. ಬಹುಕಾಲ ಇದು ನಿಜವೂ ಆಗಿದ್ದಿತು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಈ ಗಾದೆಯ ಬಲವು ಕುಂದಿತು. ಆಳುವವರು ಬದಲಾದ ದಿನವೇ ಆಳಿಸಿಕೊಳ್ಳುವವನನ್ನು ಹಿಡಿದು ನಿಲ್ಲಿಸಿ, “ನೀನು ಯಾವ ದೇಶದವನು? ಅದಕ್ಕೆ ಕಾಗದವೆಲ್ಲಿ?” ಎಂದು ಕೇಳುವ ಪದ್ಧತಿಯು ಹುಟ್ಟಿತು. ಇಂಥ ದಿನದೊಳಗೆ ಅರ್ಜಿಯನ್ನು ಕೊಟ್ಟವನು ನಮ್ಮವನು, ಕೊಡದವನು ಹೊರಗಿನವನು ಎಂದು ಸರಕಾರವು ಸಾರಿದಾಗ ಕಚೇರಿಯ ಬಾಗಿಲಲ್ಲಿ ಜನಸಾಗರವು ನೆರೆಯುವುದೂ, ಆ ಜನಸಾಗರವನ್ನು ಸಂಭಾಳಿಸುವುದೇ ಆಡಳಿತದ ದೊಡ್ಡ ಪರೀಕ್ಷೆಯಾಗುವುದೂ ಸಹಜವಾದುವು. ಈ ಪರೀಕ್ಷೆಯು ಎಲ್ಲೆಲ್ಲಿ ಹೇಗೆ ನಡೆಯಿತು, ನಮ್ಮ ಕನ್ನಡ ನಾಡಿನ ಒಂದು ಮೂಲೆಯು ಅದರಿಂದ ಹೇಗೆ ಪಾರಾಯಿತು ಎಂಬುದನ್ನು ನಾವು ಇಲ್ಲಿ ಪರ್ಯಾಲೋಚಿಸೋಣ.

ಆ ಮೂಲೆಯು ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಮತ್ತು ಬನಹಟ್ಟಿಗಳನ್ನೊಳಗೊಂಡ ಪ್ರದೇಶ. ಜಮಖಂಡಿಯಿಂದ ಕೃಷ್ಣೆಯನ್ನು ದಾಟಿ ಉತ್ತರಕ್ಕೆ ಹೋದರೆ ಸಾವಳಗಿಯೆಂಬ ಊರು ಸಿಕ್ಕುವುದು. ಈ ಪ್ರದೇಶದ ನುಡಿಯು ಒಂದೇ, ಬೆಳೆಯು ಒಂದೇ, ನಂಟಸ್ತಿಕೆಯ ಬಳ್ಳಿಯೂ ಒಂದೇ. ಆದರೆ 1947ನೆಯ ಇಸವಿಗೆ ಮುಂಚೆ ಇಲ್ಲಿ ನಾಲ್ಕು ಆಳ್ವಿಕೆಗಳು ಒಂದರ ಪಕ್ಕದಲ್ಲೊಂದು ಇದ್ದುವು. ಜಮಖಂಡಿಯು ಪಟವರ್ಧನ ಮನೆತನದ ಸಂಸ್ಥಾನ, ಮುಧೋಳವು ಘೋರ್ಪಡೆಯವರದು, ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದು, ಅಂದರೆ ಆ ಕಡೆಯವರು ಖಾಲಸಾ ಎನ್ನುತ್ತಿದ್ದ ಮುಲಕು, ರಬಕವಿಯೂ ತೇರದಾಳವೂ ಸಾಂಗಲಿ ಸಂಸ್ಥಾನದವು. ಇನ್ನೂ ಸ್ವಾರಸ್ಯವಾದ ಸಂಗತಿಯೆಂದರೆ, ಇಂದು ಒಂದೇ ಹೆಸರಿನಿಂದ ಜೋಡಿಯಾಗಿ ಕರೆಯಿಸಿಕೊಳ್ಳುವ ರಬಕವಿ ಬನಹಟ್ಟಿಗಳಲ್ಲಿ ರಬಕವಿಯು ಸಾಂಗಲಿಗೂ ಬನಹಟ್ಟಿಯು ಜಮಖಂಡಿಗೂ ಸೇರಿದ್ದುವು. ಸಮೀಪದ ಮಹಾಲಿಂಗಪುರವು ಮುಧೋಳಕ್ಕೆ ಸೇರಿದ್ದಿತು. ಎರಡು ಊರುಗಳಲ್ಲಿಯೂ ಮಗ್ಗದ ಸದ್ದು ಒಂದೇ ಆಗಿದ್ದರೂ ನೇಕಾರರಿಬ್ಬರಿಗೆ ದೊರೆಗಳು ಇಬ್ಬರಾಗಿದ್ದರು. ಜಮಖಂಡಿ ಸಂಸ್ಥಾನವಾದರೂ ಒಂದೇ ತುಂಡಿನ ನೆಲವಲ್ಲ. ಹುಬ್ಬಳ್ಳಿಯ ಹತ್ತಿರದ ಕುಂದಗೋಳವು ಅದರದೇ ಒಂದು ತಾಲ್ಲೂಕು. ಒಟ್ಟು ವಿಸ್ತೀರ್ಣವು ಸುಮಾರು 524 ಚದರ ಮೈಲಿ. 1901ರ ಜನಗಣತಿಯಲ್ಲಿ ಪ್ರಜೆಗಳ ಸಂಖ್ಯೆಯು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ.

ಹೀಗಿರಲು, ಇಲ್ಲಿಯ ಮನುಷ್ಯನು ಯಾವ ದೇಶದ ಪ್ರಜೆ? ಬ್ರಿಟಿಷ್ ಇಂಡಿಯದಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ. ಸಂಸ್ಥಾನದಲ್ಲಿ ಹುಟ್ಟಿದವನು ಆ ಸಂಸ್ಥಾನಾಧಿಪತಿಯ ಪ್ರಜೆಯೇ ಹೊರತು ಬ್ರಿಟಿಷ್ ಪ್ರಜೆಯಲ್ಲ. ಸಮುದ್ರವನ್ನು ದಾಟಿ ಹೊರದೇಶಕ್ಕೆ ಹೋದಾಗ ಅವನಿಗೆ ಬ್ರಿಟಿಷ್ ರಕ್ಷಣೆಗೊಳಪಟ್ಟ ವ್ಯಕ್ತಿಯೆಂಬ ಬೇರೊಂದು ಹೆಸರು ಸಲ್ಲುತ್ತಿದ್ದಿತು. ಆದುದರಿಂದ ಬೀಳಗಿಯಲ್ಲಿ ಹುಟ್ಟಿದ ಕೂಸಿಗೂ ಸಾವಳಗಿಯಲ್ಲಿ ಹುಟ್ಟಿದ ಕೂಸಿಗೂ ಕಾಯಿದೆಯ ಕಣ್ಣಿನಲ್ಲಿ ಭೇದವಿದ್ದಿತು. ಸಂತೆಗೆ ಹೋಗುವವನಿಗೂ ಹೆಣ್ಣು ತರುವವನಿಗೂ ಈ ಭೇದದ ಬಿಸಿಯು ತಟ್ಟುತ್ತಿರಲಿಲ್ಲ. ಹುದ್ದೆಯನ್ನು ಬಯಸುವವನಿಗೆ, ರಹದಾರಿಯನ್ನು ಬಯಸುವವನಿಗೆ, ಮತ್ತೊಂದು ಸೀಮೆಯ ರಾಜಕಾರಣದಲ್ಲಿ ಕೈಯಿಡಬಯಸುವವನಿಗೆ ಮಾತ್ರ ತಟ್ಟುತ್ತಿದ್ದಿತು. 1935ನೆಯ ಇಂಡಿಯಾ ಸರಕಾರದ ಕಾಯಿದೆಯಲ್ಲಿಯೂ ಸಂಸ್ಥಾನದ ಪ್ರಜೆಗಳಿಗೆ ಬ್ರಿಟಿಷ್ ಇಂಡಿಯದ ಹುದ್ದೆಗಳಲ್ಲಿ ಅರ್ಹತೆಯನ್ನು ಪ್ರತ್ಯೇಕವಾಗಿ ಕಲ್ಪಿಸಿಕೊಡಬೇಕಾಯಿತು. ಅದು ಹುಟ್ಟಿನಿಂದ ಬಂದ ಹಕ್ಕಾಗಿರಲಿಲ್ಲ.

1947ನೆಯ ಇಸವಿ ಆಗಸ್ಟ್ 15ರಂದು ಬ್ರಿಟಿಷ್ ಚಕ್ರಾಧಿಪತ್ಯದ ಪರಮಾಧಿಕಾರವು ಸಂಸ್ಥಾನಗಳ ಮೇಲಿನಿಂದ ತೊಲಗಿತು. ಸಂಸ್ಥಾನಗಳು ಬರೆದುಕೊಟ್ಟ ಸೇರ್ಪಡೆಯ ಪತ್ರದಲ್ಲಿ ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರು ವಿಷಯಗಳನ್ನು ಮಾತ್ರ ಭಾರತಕ್ಕೆ ಒಪ್ಪಿಸಲಾಯಿತೆಂದು ನಾವೆಲ್ಲರೂ ಓದಿರುವೆವು. ಆದರೆ ಆ ಪತ್ರದ ಅನುಬಂಧವನ್ನು ಬಿಡಿಸಿ ನೋಡಿದವರು ಕಡಿಮೆ. ವಿದೇಶಾಂಗವೆಂಬ ತಲೆಬರಹದ ಕೆಳಗೆ ನಾಲ್ಕು ಬಾಬುಗಳಿವೆ; ಭಾರತದೊಳಕ್ಕೆ ಬರುವುದು, ಭಾರತದಿಂದ ಹೊರಡುವುದು, ಹೊರಹಾಕುವುದು ಎಂಬವು ಮೂರನೆಯ ಬಾಬಿನಲ್ಲಿವೆ. ನಾಲ್ಕನೆಯದು ಒಂದೇ ಮಾತು: ದೇಶೀಕರಣ, ಅಂದರೆ ಹೊರಗಿನವನನ್ನು ದೇಶದವನನ್ನಾಗಿ ಮಾಡಿಕೊಳ್ಳುವ ಅಧಿಕಾರ. ಸಂಸ್ಥಾನಾಧಿಪತಿಗಳ ಖಜಾನೆ, ಪೋಲೀಸು, ನ್ಯಾಯಾಸ್ಥಾನಗಳು ಅವರ ಕೈಯಲ್ಲಿಯೇ ಉಳಿದರೂ, ಯಾರನ್ನು ನಮ್ಮವನೆನ್ನಬೇಕೆಂಬ ಅಧಿಕಾರವು ಆ ಒಂದು ಮಾತಿನಿಂದ ದಿಲ್ಲಿಗೆ ಹೋಯಿತು.

ಮುಂದಿನ ಹೆಜ್ಜೆಯು ವಿಲೀನ. ಜಮಖಂಡಿಯ ಕೊನೆಯ ಅರಸರು ಶಂಕರರಾವ್ ಪರಶುರಾಮರಾವ್ ಪಟವರ್ಧನರು. ಅಲ್ಲಿಯ ಕೊನೆಯ ಮುಖ್ಯಮಂತ್ರಿ ಬಸಪ್ಪ ದಾನಪ್ಪ ಜತ್ತಿಯವರು. ದಿವಾನರೆಂದು ಕರೆಯುವ ವಾಡಿಕೆಯೂ ಇದ್ದಿತು. ಜತ್ತಿಯವರು 1912ನೆಯ ಇಸವಿ ಸೆಪ್ಟೆಂಬರ್ 10ರಂದು ಸಾವಳಗಿಯಲ್ಲಿಯೇ ಹುಟ್ಟಿದವರು. ಕೊಲ್ಹಾಪುರದಲ್ಲಿ ನ್ಯಾಯಶಾಸ್ತ್ರವನ್ನು ಓದಿ, ಜಮಖಂಡಿಯಲ್ಲಿ ವಕೀಲಿಯನ್ನು ಹೂಡಿ, ಪುರಸಭೆಯ ಸದಸ್ಯರೂ ಅಧ್ಯಕ್ಷರೂ ಆಗಿ, ಸಂಸ್ಥಾನದ ವಿಧಾನಸಭೆಯನ್ನು ಪ್ರವೇಶಿಸಿ, ಮಂತ್ರಿಪದವಿಗೆ ಏರಿದವರು. 1948ನೆಯ ಇಸವಿ ಮಾರ್ಚ್ 8ರಂದು ಜಮಖಂಡಿಯು ಮುಂಬಯಿ ಪ್ರಾಂತ್ಯದಲ್ಲಿ ಲೀನವಾಯಿತು. ಮುಧೋಳ ಸಾಂಗಲಿಗಳೂ ಹಾಗೆಯೇ ಸೇರಿದುವು. ಆಳತಕ್ಕ ಸಂಸ್ಥಾನವೇ ಇಲ್ಲವಾದಮೇಲೆ ಮುಖ್ಯಮಂತ್ರಿಗಳು ತಮ್ಮ ವಕೀಲಿಗೆ ಹಿಂದಿರುಗಿದರು.

ಆ ದಿನ ಜಮಖಂಡಿಯ ಕಚೇರಿಯ ಮುಂದೆ ಪ್ರಜಾತ್ವಕ್ಕಾಗಿ ಜನರು ಸಾಲುಗಟ್ಟಿ ನಿಲ್ಲಬೇಕಾಗಲಿಲ್ಲ. ಸಂಸ್ಥಾನದ ಪ್ರಜೆಯಾಗಿ ಮಲಗಿದವನು ಮುಂಬಯಿ ಪ್ರಾಂತ್ಯದವನಾಗಿ ಎದ್ದನು. ನಡುವೆ ಅವನು ಯಾವ ಅರ್ಜಿಯನ್ನೂ ಬರೆಯಬೇಕಾಗಲಿಲ್ಲ, ಯಾವ ಮುದ್ರೆಯನ್ನೂ ಒತ್ತಿಸಬೇಕಾಗಲಿಲ್ಲ. ಎರಡು ವರ್ಷಗಳ ತರುವಾಯ ರಾಜ್ಯಾಂಗದ ಐದನೆಯ ವಿಧಿಯು ಇದಕ್ಕೆ ಸ್ಥಿರವಾದ ಅಸ್ತಿಭಾರವನ್ನು ಹಾಕಿತು. ಭಾರತದ ನೆಲದಲ್ಲಿ ಸ್ಥಿರನಿವಾಸವುಳ್ಳವನಾಗಿದ್ದು, ಆ ನೆಲದಲ್ಲಿ ಹುಟ್ಟಿದವನು, ಅಥವಾ ಅಲ್ಲಿ ಹುಟ್ಟಿದ ತಂದೆಯನ್ನೋ ತಾಯಿಯನ್ನೋ ಉಳ್ಳವನು, ಅಥವಾ ರಾಜ್ಯಾಂಗವು ಜಾರಿಗೆ ಬರುವುದಕ್ಕೆ ಮುಂಚೆ ಐದು ವರ್ಷ ಎಡೆಬಿಡದೆ ವಾಸವಾಗಿದ್ದವನು ಪೌರನೆಂದು ಅದು ಹೇಳಿತು. ಭಾರತದ ನೆಲವೆಂದಾಗ ಹಿಂದಿನ ಖಾಲಸಾ ಮುಲಕಿಗೂ ಹಿಂದಿನ ಸಂಸ್ಥಾನಕ್ಕೂ ಭೇದವುಳಿಯಲಿಲ್ಲ. ಸಾವಳಗಿಯ ಕೂಸೂ ಬೀಳಗಿಯ ಕೂಸೂ ಅಂದಿನಿಂದ ಸಮಾನವಾದುವು. ಜಮಖಂಡಿ ಸಂಸ್ಥಾನದ ಪ್ರಜೆಯಾಗಿ ಹುಟ್ಟಿದ ಜತ್ತಿಯವರು 1958ರಿಂದ 1962ರ ವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು, 1974ರಲ್ಲಿ ಉಪರಾಷ್ಟ್ರಪತಿಗಳಾದರು, 1977ರಲ್ಲಿ ಫೆಬ್ರವರಿಯಿಂದ ಜುಲೈ ವರೆಗೆ ರಾಷ್ಟ್ರಪತಿಗಳ ಕಾರ್ಯಭಾರವನ್ನು ವಹಿಸಿದರು. ಭಾರತದ ಪೌರನಲ್ಲದವನು ಆ ಪೀಠದಲ್ಲಿ ಕೂಡಲಾರನಷ್ಟೆ. ಆದರೆ ಆ ಪೌರತ್ವಕ್ಕಾಗಿ ಅವರು ಯಾವ ಕಿಟಕಿಯ ಮುಂದೆಯೂ ನಿಂತವರಲ್ಲ.

ಇದು ಒಂದು ಮಾರ್ಗ. ನಿಯಮದಿಂದಲೇ ಎಲ್ಲರನ್ನೂ ಒಳಗು ಮಾಡಿಕೊಳ್ಳುವ ಮಾರ್ಗ. ಅರ್ಜಿಯ ಮಾರ್ಗವೆಂತಹುದೆಂಬುದನ್ನು ತಿಳಿಯಬೇಕಾದರೆ ಅದೇ ರಾಜ್ಯಾಂಗದ ಮುಂದಿನ ವಿಧಿಗೆ ಹೋಗಬೇಕು.

ದೇಶವಿಭಾಗದ ಕಾಲದಲ್ಲಿ ಪಾಕಿಸ್ತಾನವಾದ ಪ್ರದೇಶದಿಂದ ಲಕ್ಷಾಂತರ ಜನರು ಭಾರತಕ್ಕೆ ಬಂದರು. ಅವರಲ್ಲಿ ನಮ್ಮ ನೆರೆಗೂ ಬಂದವರುಂಟು. ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ 1943ರಿಂದ ಪೋಲಂಡಿನ ನಿರಾಶ್ರಿತರಿಗಾಗಿ ಒಂದು ಬಿಡಾರವಿದ್ದಿತು. ಅವರು ಹೊರಟುಹೋದ ಮೇಲೆ ಅದೇ ಸ್ಥಳದಲ್ಲಿ ಸಿಂಧಿ ನಿರಾಶ್ರಿತರು ನೆಲೆಸಿದರು. ಆ ಊರೇ ಈಗಿನ ಗಾಂಧಿನಗರ. ಹೀಗೆ ಬಂದವರನ್ನು ರಾಜ್ಯಾಂಗದ ಆರನೆಯ ವಿಧಿಯು ಒಂದು ತಾರೀಖಿನಿಂದ ಎರಡು ಭಾಗವಾಗಿ ವಿಂಗಡಿಸಿತು. ಆ ತಾರೀಖು 1948ನೆಯ ಇಸವಿ ಜುಲೈ 19. ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರವಾನಿಗೆಯ ಪದ್ಧತಿಯು ಪ್ರಾರಂಭವಾದ ದಿನ. ಅದಕ್ಕೆ ಮುಂಚೆ ಬಂದು ಇಲ್ಲಿಯೇ ವಾಸವಾಗಿದ್ದವನು, ತಾನಾಗಲಿ ತಂದೆತಾಯಿಗಳಾಗಲಿ ಅಜ್ಜ ಅಜ್ಜಿಯರಾಗಲಿ ಅವಿಭಕ್ತ ಭಾರತದಲ್ಲಿ ಹುಟ್ಟಿದ್ದರೆ, ತಾನಾಗಿಯೇ ಪೌರನು. ಆ ದಿನವೋ ಆ ಬಳಿಕವೋ ಬಂದವನು ಮಾತ್ರ ಸರಕಾರವು ನೇಮಿಸಿದ ಅಧಿಕಾರಿಗೆ ಅರ್ಜಿಯನ್ನು ಕೊಟ್ಟು ಹೆಸರನ್ನು ದಾಖಲೆ ಮಾಡಿಸಿಕೊಳ್ಳಬೇಕು. ಆ ಅರ್ಜಿಯು ರಾಜ್ಯಾಂಗವು ಜಾರಿಗೆ ಬರುವುದಕ್ಕೆ ಮುಂಚೆ ಸೇರಬೇಕು. ಅರ್ಜಿಯ ದಿನಕ್ಕೆ ಹಿಂದಿನ ಆರು ತಿಂಗಳು ಅವನು ಭಾರತದಲ್ಲಿ ವಾಸವಾಗಿರಬೇಕು.

ಈ ನಿಯಮದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ರಾಜ್ಯಾಂಗವು ಅಂಗೀಕೃತವಾದುದು 1949ನೆಯ ಇಸವಿ ನವೆಂಬರ್ 26ರಂದು. ಪೂರ್ಣವಾಗಿ ಜಾರಿಗೆ ಬಂದುದು 1950ನೆಯ ಇಸವಿ ಜನವರಿ 26ರಂದು. ಪೌರತ್ವಕ್ಕೆ ಸಂಬಂಧಿಸಿದ ಐದರಿಂದ ಒಂಬತ್ತರ ವರೆಗಿನ ವಿಧಿಗಳು ನವೆಂಬರ್ 26ರಂದೇ ಜಾರಿಗೆ ಬರುವಂತೆ ರಾಜ್ಯಾಂಗದ ಕೊನೆಯ ಭಾಗದಲ್ಲಿಯೇ ಬರೆಯಲಾಯಿತು. ರಾಜ್ಯಾಂಗದ ಬಹುಭಾಗವು ಗಣರಾಜ್ಯದ ದಿನವನ್ನು ಕಾದುಕೊಂಡಿರುವಾಗ ಪೌರತ್ವದ ವಿಧಿಗಳು ಎರಡು ತಿಂಗಳು ಮುಂಚೆಯೇ ಕೆಲಸಕ್ಕಿಳಿದುವು. ಗಣರಾಜ್ಯವು ಹುಟ್ಟುವ ದಿನ ಅದಕ್ಕೆ ಪೌರರು ಸಿದ್ಧರಾಗಿರಬೇಕು. ಅದಕ್ಕಾಗಿ ಹೆಸರು ದಾಖಲಿಸುವ ಕಾರ್ಯವು ಗಣರಾಜ್ಯಕ್ಕಿಂತ ಮೊದಲೇ ಮುಗಿಯಬೇಕು. ಆರು ತಿಂಗಳ ವಾಸದ ನಿಯಮವನ್ನು ಇದಕ್ಕೆ ಕೂಡಿಸಿದರೆ, 1949ನೆಯ ಇಸವಿ ಜುಲೈ ತಿಂಗಳ ಕೊನೆಯ ವಾರದ ಬಳಿಕ ಭಾರತಕ್ಕೆ ಬಂದವನು ಎಷ್ಟು ಬೇಗ ಓಡಿ ಬಂದರೂ ಈ ದಾರಿಯಿಂದ ಪೌರನಾಗಲಾರನೆಂದಾಗುವುದು. ಆ ವಿಧಿಗಳನ್ನು ರಾಜ್ಯಾಂಗ ರಚನಾಸಭೆಯು ಕೊನೆಯದಾಗಿ ಚರ್ಚಿಸಿದುದು ಆಗಸ್ಟ್ 10ರಿಂದ 12ರ ವರೆಗೆ. ಅಂದರೆ ನಿಯಮವು ಸಭೆಯಲ್ಲಿ ಗೊತ್ತಾಗುವ ವೇಳೆಗೆ, ಆರು ತಿಂಗಳ ಲೆಕ್ಕಕ್ಕೆ ಸಿಕ್ಕತಕ್ಕ ಕೊನೆಯ ದಿನವು ಕಳೆದೇಹೋಗಿದ್ದಿತು. ಬೇರೊಂದು ವಿಧಿಯ ಹೊರತು ಕರಡು ಸಮಿತಿಗೆ ಮತ್ತಾವ ವಿಧಿಯೂ ಇಷ್ಟು ತಲೆನೋವನ್ನು ತರಲಿಲ್ಲವೆಂದು ಡಾಕ್ಟರ್ ಅಂಬೇಡಕರರು ಆ ಚರ್ಚೆಯಲ್ಲಿ ಹೇಳಿಕೊಂಡುದು ಅತಿಶಯೋಕ್ತಿಯಲ್ಲ.

ಆ ಗಡುವನ್ನು ತಪ್ಪಿಸಿಕೊಂಡವನ ಗತಿಯೇನು? ಪೌರತ್ವವನ್ನು ಹೊಸದಾಗಿ ಪಡೆಯುವ ರೀತಿಯನ್ನು ಸಂಸತ್ತು ಕಾಯಿದೆಯ ಮೂಲಕ ಗೊತ್ತುಮಾಡಬೇಕೆಂದು ರಾಜ್ಯಾಂಗವು ಬಿಟ್ಟಿತು. ಆ ಕಾಯಿದೆಯು ಬಂದುದು 1955ನೆಯ ಇಸವಿ ಡಿಸೆಂಬರ್ 30ರಂದು. ನಡುವೆ ಸುಮಾರು ಆರು ವರ್ಷಗಳು. ದೇಶಕ್ಕೆ ಅದು ಅಲ್ಪಕಾಲ. ಹುದ್ದೆಗಾಗಿ, ಮತಕ್ಕಾಗಿ, ಪ್ರಯಾಣಕ್ಕಾಗಿ ಕಾದವನಿಗೆ ಅಲ್ಪಕಾಲವಲ್ಲ.

ಇದೇ ವರ್ಷಗಳಲ್ಲಿ ನಡೆದ ಮತ್ತೊಂದು ಮಹಾಕಾರ್ಯವನ್ನು ಇಲ್ಲಿ ಸ್ಮರಿಸದಿರಲಾಗದು. ಅದು ಮತದಾರರ ಪಟ್ಟಿ. ರಾಜ್ಯಾಂಗವು ಇನ್ನೂ ಕರಡಿನಲ್ಲಿರುವಾಗಲೇ, 1948ನೆಯ ಇಸವಿಯಲ್ಲಿ, ರಾಜ್ಯಾಂಗ ರಚನಾಸಭೆಯ ಸಚಿವಾಲಯವು ಪ್ರಾಂತ್ಯಗಳಿಗೂ ಸಂಸ್ಥಾನಗಳಿಗೂ ಬರೆದು, 21 ವರ್ಷ ತುಂಬಿದ ಸಕಲರ ಪಟ್ಟಿಯನ್ನೂ ಸಿದ್ಧಪಡಿಸತೊಡಗಬೇಕೆಂದು ತಿಳಿಸಿತು. ಇಂಥ ಸ್ಥಳದಲ್ಲಿ ಇಷ್ಟು ದಿನ ವಾಸವಾಗಿರಬೇಕೆಂಬ ನಿಯಮವು ಅದರಲ್ಲಿದ್ದಿತು. ನಿರಾಶ್ರಿತನು ಆ ದಿನಗಳ ಲೆಕ್ಕವನ್ನು ಎಲ್ಲಿಂದ ತಂದಾನು? ಅವನ ವಿಷಯದಲ್ಲಿ ಸಚಿವಾಲಯವು ನಿಯಮವನ್ನು ಸಡಿಲಿಸಿತು. ಇಂಥ ಊರಿನಲ್ಲಿ ಖಾಯಂ ಆಗಿ ನೆಲೆಸುವೆನೆಂದು ಅವನು ಬರೆದುಕೊಟ್ಟರೆ ಸಾಕು, ಹೆಸರನ್ನು ಸೇರಿಸಿಕೊಳ್ಳಬೇಕು. ಪೌರನು ಹೌದೋ ಅಲ್ಲವೋ ಎಂಬ ಕೊನೆಯ ನಿರ್ಣಯವು ರಾಜ್ಯಾಂಗವು ಬಂದಮೇಲೆ ಆಗಲಿ ಎಂದಿತು. ಮೊದಲು ಬರೆದುಕೊಳ್ಳುವುದು, ಆಮೇಲೆ ವಿಚಾರಿಸುವುದು ಎಂಬ ಈ ಕ್ರಮವು ಜನಸಂದಣಿಯ ಕಾಲದಲ್ಲಿ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಮುಂದೆ ನೋಡುವೆವು. 1951-52ರ ಮೊದಲನೆಯ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಪಟ್ಟಿಯಲ್ಲಿ 17 ಕೋಟಿ 30 ಲಕ್ಷದಷ್ಟು ಹೆಸರುಗಳಿದ್ದುವು. ಇದರಲ್ಲಿ ದೋಷವೂ ಇದ್ದಿತು. ಉತ್ತರದ ಕೆಲವು ರಾಜ್ಯಗಳಲ್ಲಿ ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರನ್ನು ಹೇಳದೆ ಇಂಥವನ ತಾಯಿ, ಇಂಥವನ ಹೆಂಡತಿ ಎಂದು ಮಾತ್ರ ಬರೆಯಿಸಿದ್ದರಿಂದ ಅವರನ್ನು ಪಟ್ಟಿಯಿಂದ ಬಿಡಬೇಕಾಯಿತು. ಅರ್ಜಿಯೇ ಬೇಡವಾದ ಕಡೆಯಲ್ಲಿಯೂ ಹೆಸರಂತೂ ಬೇಕಾಯಿತು.

ಇನ್ನು ಅರ್ಜಿಯ ಮಾರ್ಗವು ತನ್ನ ಪೂರ್ಣರೂಪವನ್ನು ತೋರಿದ ಸ್ಥಳಕ್ಕೆ ಹೋಗೋಣ. ಅದು ಹಾಂಗ್‌ಕಾಂಗ್. 1984ನೆಯ ಇಸವಿ ಡಿಸೆಂಬರ್ 19ರಂದು ಬ್ರಿಟನ್ ಚೀನಗಳು ಮಾಡಿಕೊಂಡ ಒಡಂಬಡಿಕೆಯ ಪ್ರಕಾರ 1997ನೆಯ ಇಸವಿ ಜುಲೈ 1ರಂದು ಆ ನೆಲವು ಚೀನಕ್ಕೆ ಸೇರಬೇಕಾಗಿದ್ದಿತು. ಅಲ್ಲಿಯ ಜನರಿಗಿದ್ದ ಬ್ರಿಟಿಷ್ ಆಶ್ರಿತ ಪ್ರದೇಶದ ಪೌರರೆಂಬ ಪದವಿಯು ಹಿಂದಿನ ದಿನಕ್ಕೆ ಮುಗಿಯುವುದು. ಅದರ ಸ್ಥಾನದಲ್ಲಿ ಸಾಗರೋತ್ತರ ಬ್ರಿಟಿಷ್ ರಾಷ್ಟ್ರೀಯನೆಂಬ ಹೊಸ ಪದವಿಯನ್ನು ಬ್ರಿಟಿಷ್ ಸರಕಾರವು 1987ರಿಂದ ಕೊಡತೊಡಗಿತು. ಈ ಪದವಿಯು ಹಳೆಯ ಪದವಿಯಿದ್ದವರಿಗೂ ತಾನಾಗಿ ಬಾರದು, ಅರ್ಜಿಯಿಂದಲೇ ಪಡೆಯಬೇಕು. ಆ ಹಳೆಯ ಪದವಿಯೇ ಇಲ್ಲದವರು, ಅಂದರೆ ಚೀನದಲ್ಲಿ ಹುಟ್ಟಿ ಹಾಂಗ್‌ಕಾಂಗಿನಲ್ಲಿ ನೆಲಸಿದವರು, ಮೊದಲು ದೇಶೀಕರಣಕ್ಕೆ ಅರ್ಜಿಯನ್ನು ಹಾಕಿ ಆಮೇಲೆ ಇದಕ್ಕೆ ಹಾಕಬೇಕು. ದೇಶೀಕರಣದ ಅರ್ಜಿಗೆ ಕೊನೆಯ ದಿನವು 1996ನೆಯ ಇಸವಿ ಮಾರ್ಚ್ 31 ಎಂದು ಗೊತ್ತಾಯಿತು.

ಆ ಮಾರ್ಚ್ ತಿಂಗಳಿನಲ್ಲಿ ವಾನ್‌ಚಾಯ್ ಎಂಬಲ್ಲಿಯ ವಲಸೆ ಇಲಾಖೆಯ ಕಟ್ಟಡದ ಮುಂದೆ ನೆರೆದ ಸಾಲು ಬೀದಿಗಳನ್ನು ತುಂಬಿ, ಸಮೀಪದ ಆಟದ ಮೈದಾನಕ್ಕೆ ಹರಿಯಿತು. ಕೊನೆಯ ದಿನವೊಂದರಲ್ಲಿಯೇ ಬಂದ ಅರ್ಜಿಗಳು 50,000ಕ್ಕೂ ಮಿಕ್ಕಿದುವು. ಈ ಸಂಖ್ಯೆಯ ಅರ್ಥವನ್ನು ಒಂದು ಸುಲಭವಾದ ಲೆಕ್ಕದಿಂದ ಊಹಿಸಬಹುದು. ಒಂದು ಅರ್ಜಿಯನ್ನು ತೆಗೆದುಕೊಂಡು ಪರೀಕ್ಷಿಸುವುದಕ್ಕೆ ಐದೇ ನಿಮಿಷಗಳು ಸಾಕೆಂದಿಟ್ಟುಕೊಂಡರೂ 50,000 ಅರ್ಜಿಗಳಿಗೆ ಎರಡೂವರೆ ಲಕ್ಷ ನಿಮಿಷಗಳು ಬೇಕು. ದಿನಕ್ಕೆ ಎಂಟು ಗಂಟೆ ದುಡಿಯುವ ಗುಮಾಸ್ತರು 521 ಮಂದಿಯಿದ್ದರೆ ಆ ಕೆಲಸವು ಒಂದು ದಿನದಲ್ಲಿ ಮುಗಿದೀತು. ಯಾವ ಊರಿನ ಯಾವ ಕಚೇರಿಯಲ್ಲಿ ಒಂದೇ ಕೆಲಸಕ್ಕಾಗಿ 521 ಮಂದಿ ಗುಮಾಸ್ತರಿರುವರು? ಆದುದರಿಂದ ಗಡುವಿನ ದಿನದಲ್ಲಿ ಪರೀಕ್ಷೆಯ ಮಾತನ್ನು ಬಿಟ್ಟು, ಬಂದುದನ್ನು ತೆಗೆದುಕೊಂಡು ತಾರೀಖು ಹಾಕುವುದಲ್ಲದೆ ಗತ್ಯಂತರವಿಲ್ಲ. ನಮ್ಮ ಮತದಾರರ ಪಟ್ಟಿಯಲ್ಲಿ ಕಂಡ ತತ್ತ್ವವೇ ಇಲ್ಲಿಯೂ ಕೆಲಸಮಾಡುವುದು. ಅರ್ಜಿ ಕೊಟ್ಟ ದಿನವು ಮುಖ್ಯ; ತೀರ್ಪಿನ ದಿನವು ತರುವಾಯದ ಮಾತು.

ಮತ್ತೊಂದು ಉಪಾಯವನ್ನು ಅಲ್ಲಿಯ ಆಡಳಿತವು 1993ರಿಂದಲೇ ಅನುಸರಿಸಿದ್ದಿತು. ಹೊಸ ಪದವಿಯ ಅರ್ಜಿಗಳಿಗೆ ಎಲ್ಲರಿಗೂ ಒಂದೇ ಕೊನೆಯ ದಿನವನ್ನಿಡದೆ, ಹುಟ್ಟಿದ ವರ್ಷದ ಮೇರೆಗೆ ಜನರನ್ನು ತಂಡಗಳಾಗಿ ವಿಂಗಡಿಸಿ, ಒಂದೊಂದು ತಂಡಕ್ಕೆ ಒಂದೊಂದು ಗಡುವನ್ನು ಗೊತ್ತುಮಾಡಿದರು. ಇದರಲ್ಲಿರುವ ಬುದ್ಧಿಯು ನಮ್ಮ ಒಕ್ಕಲಿಗರಿಗೆ ಹೊಸದಲ್ಲ. ಕೆರೆಯ ನೀರನ್ನು ಎಲ್ಲ ಗದ್ದೆಗಳಿಗೂ ಒಂದೇ ದಿನ ಬಿಟ್ಟರೆ ಕಾಲುವೆಯು ಒಡೆಯುವುದು. ಸರದಿಯ ಮೇಲೆ ಬಿಟ್ಟರೆ ಎಲ್ಲಕ್ಕೂ ತಲಪುವುದು. ಹೀಗೆ ಸರದಿಯನ್ನು ಕಟ್ಟಿದ್ದರಿಂದ ಸುಮಾರು 34 ಲಕ್ಷ ಜನರ ಹೆಸರುಗಳನ್ನು ದಾಖಲೆ ಮಾಡುವುದು ಸಾಧ್ಯವಾಯಿತು. ಸರದಿಯಿಲ್ಲದೆ ಒಂದೇ ಗಡುವಿದ್ದ ದೇಶೀಕರಣದಲ್ಲಿ ಸಾಲು ಮೈದಾನವನ್ನು ತುಂಬಿತು. ಜನಸಂದಣಿಯು ಜನರ ಅವಿವೇಕದಿಂದ ಮಾತ್ರ ಹುಟ್ಟುವುದಲ್ಲ. ಗಡುವನ್ನು ಗೊತ್ತುಮಾಡುವ ರೀತಿಯಿಂದಲೂ ಹುಟ್ಟುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಾಗಿಲ್ಲ.

ಇಷ್ಟು ಕಷ್ಟಪಟ್ಟು ಪಡೆದ ಪದವಿಯಿಂದ ಬಂದ ಲಾಭವೇನು? ಅದನ್ನು ಪಡೆದವನಿಗೆ ಬ್ರಿಟನ್ನಿನಲ್ಲಿ ನೆಲಸುವ ಹಕ್ಕೇ ಇರಲಿಲ್ಲ. ಅಂಥ ಹಕ್ಕುಳ್ಳ ಪೌರತ್ವವನ್ನು 1990ನೆಯ ಇಸವಿಯ ಕಾಯಿದೆಯು ಆರಿಸಿದ 50,000 ಕುಟುಂಬಗಳ ಯಜಮಾನರಿಗೂ ಅವರ ಹೆಂಡಿರು ಮಕ್ಕಳಿಗೂ ಮಾತ್ರ ಕಾದಿರಿಸಿದ್ದಿತು. ಬಾಗಿಲನ್ನು ತೆರೆಯದ ಬೀಗದಕೈಗಾಗಿ ಇಷ್ಟು ಜನರು ಏಕೆ ನಿಂತರೆಂದು ಆ ಕಾಲದಲ್ಲಿ ಆಶ್ಚರ್ಯಪಟ್ಟವರುಂಟು. ಆದರೆ ಚರಿತ್ರೆಯು ನಿಧಾನವಾಗಿ ಉತ್ತರ ಹೇಳುತ್ತದೆ. 2021ನೆಯ ಇಸವಿ ಜನವರಿ 31ರಿಂದ ಬ್ರಿಟಿಷ್ ಸರಕಾರವು ಈ ಪದವಿಯವರಿಗೂ ಅವರ ಕುಟುಂಬದವರಿಗೂ ಬ್ರಿಟನ್ನಿಗೆ ಬಂದು ನೆಲಸುವ ಹೊಸ ದಾರಿಯನ್ನು ತೆರೆಯಿತು. ಇಪ್ಪತ್ತೈದು ವರ್ಷಗಳ ಹಿಂದೆ ಬಿಸಿಲಿನಲ್ಲಿ ನಿಂತವನ ಕಾಗದಕ್ಕೆ ಬೆಲೆ ಬಂದಿತು, “ಇದರಿಂದೇನು?” ಎಂದು ಮನೆಯಲ್ಲಿ ಕುಳಿತವನಿಗೆ ಆ ಕಾಗದವನ್ನು ಪಡೆಯುವ ಕಾಲವು ಎಂದೋ ಮೀರಿಹೋಗಿದ್ದಿತು.

ಹಾಂಗ್‌ಕಾಂಗಿನಲ್ಲಿ ತಲೆಮಾರುಗಳಿಂದ ನೆಲಸಿದ ಭಾರತೀಯ ಸಂತತಿಯವರ ಕಷ್ಟವು ಇನ್ನೂ ಸೂಕ್ಷ್ಮವಾದುದು. ಚೀನೀಯರಿಗೆ ಚೀನದ ರಾಷ್ಟ್ರೀಯತೆಯು ಕಾದಿದ್ದಿತು. ಇವರು ಚೀನೀಯರಲ್ಲ, ಇವರಲ್ಲಿ ಅನೇಕರು ಭಾರತದ ಪೌರರೂ ಅಲ್ಲ, ಕೈಯಲ್ಲಿದ್ದುದು ನೆಲಸುವ ಹಕ್ಕಿಲ್ಲದ ಬ್ರಿಟಿಷ್ ಪದವಿ. ಅತ್ತ ದರಿ ಇತ್ತ ಪುಲಿ ಎಂಬಂತಾದ ಇವರಿಗೆ ಹಸ್ತಾಂತರಕ್ಕೆ ಕೆಲವೇ ತಿಂಗಳು ಮುಂಚೆ, 1997ನೆಯ ಇಸವಿಯ ಒಂದು ಕಾಯಿದೆಯಿಂದ, ಪೂರ್ಣ ಬ್ರಿಟಿಷ್ ಪೌರತ್ವದ ಅವಕಾಶವು ದೊರೆಯಿತು. ಅಲ್ಲಿಯೂ ಒಂದು ತಾರೀಖು: ಆ ವರ್ಷದ ಫೆಬ್ರವರಿ 4ಕ್ಕೆ ಮುಂಚೆ ಹಾಂಗ್‌ಕಾಂಗಿನಲ್ಲಿ ವಾಸವಾಗಿದ್ದಿರಬೇಕು.

ಅರ್ಜಿಯ ಮಾರ್ಗವು ಎಷ್ಟು ಕಠೋರವಾಗಬಹುದೆಂಬುದನ್ನು ತಿಳಿಯಲು ಸಿಂಹಳದ ನಿದರ್ಶನವೊಂದು ಸಾಕು. ಅಲ್ಲಿಯ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಭಾರತೀಯ ಸಂತತಿಯವರನ್ನು 1948ನೆಯ ಇಸವಿಯ ಪೌರತ್ವದ ಕಾಯಿದೆಯು ಹೊರಗಿಟ್ಟಿತು. ಮರುವರ್ಷದ ಕಾಯಿದೆಯು ಅವರಿಗೆ ಅರ್ಜಿ ಹಾಕಲು 1951ನೆಯ ಇಸವಿ ಆಗಸ್ಟ್ 5ರ ವರೆಗೆ ಅವಕಾಶವಿತ್ತಿತು. ಎಂಟು ಲಕ್ಷಕ್ಕೂ ಮಿಕ್ಕ ಜನರ ಪರವಾಗಿ ಸುಮಾರು 2 ಲಕ್ಷ 37 ಸಾವಿರ ಅರ್ಜಿಗಳು ಬಂದುವು. ವಿಚಾರಣೆಯು ವರ್ಷಾನುಗಟ್ಟಲೆ ನಡೆದು, ಕೊನೆಗೆ ಪೌರತ್ವವು ದೊರೆತವರು ಸುಮಾರು 1 ಲಕ್ಷ 34 ಸಾವಿರ ಮಂದಿ. ಇಂಥಲ್ಲಿ ಹುಟ್ಟಿದೆನೆಂದೂ ಇಷ್ಟು ವರ್ಷ ಇಲ್ಲಿಯೇ ಇದ್ದೆನೆಂದೂ ಕಾಗದದಿಂದ ತೋರಿಸೆಂದರೆ ತೋಟದ ಕೂಲಿಯು ಏನನ್ನು ತೋರಿಸಿಯಾನು? ಉಳಿದವರ ಭಾರವನ್ನು 1964ನೆಯ ಇಸವಿಯಲ್ಲಿ ಲಾಲ ಬಹಾದುರ ಶಾಸ್ತ್ರಿಗಳೂ ಸಿರಿಮಾವೊ ಬಂಡಾರನಾಯಕೆಯವರೂ ಕುಳಿತು 5 ಲಕ್ಷ 25 ಸಾವಿರ ಜನರು ಭಾರತಕ್ಕೆ, 3 ಲಕ್ಷ ಜನರು ಸಿಂಹಳಕ್ಕೆ ಎಂದು ಹಂಚಿಕೊಳ್ಳಬೇಕಾಯಿತು. ಆ ದಿನವೂ ಒಂದೂವರೆ ಲಕ್ಷ ಜನರ ವಿಷಯವು ತೀರದೆ ಉಳಿಯಿತು.

ಇವೆರಡು ಮಾರ್ಗಗಳ ನಡುವೆ ಮೂರನೆಯದೊಂದುಂಟು. ಅದಕ್ಕೆ ನಿದರ್ಶನವು ನಮ್ಮ ನೆರೆಯ ಗೋವೆ. 1961ನೆಯ ಇಸವಿ ಡಿಸೆಂಬರಿನಲ್ಲಿ ಪೋರ್ಚುಗೀಸರ ಆಳ್ವಿಕೆಯು ಅಲ್ಲಿ ಕೊನೆಗೊಂಡಿತು. 1962ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಹೊರಟ ಆಜ್ಞೆಯ ಪ್ರಕಾರ, ತಾನಾಗಲಿ ತನ್ನ ತಂದೆತಾಯಿಗಳಾಗಲಿ ಅಜ್ಜ ಅಜ್ಜಿಯರಾಗಲಿ ಆ ನೆಲದಲ್ಲಿ ಹುಟ್ಟಿದ್ದ ಪ್ರತಿಯೊಬ್ಬನೂ ಭಾರತದ ಪೌರನೇ. ಪೋರ್ಚುಗೀಸ್ ಪೌರತ್ವವನ್ನೇ ಇಟ್ಟುಕೊಳ್ಳಬಯಸುವವನು ಮಾತ್ರ ಒಂದು ತಿಂಗಳೊಳಗೆ ಬರೆದು ತಿಳಿಸಬೇಕು. ಪುದುಚೇರಿಯಲ್ಲಿಯೂ ಇದೇ ತತ್ತ್ವವು; ಫ್ರಾನ್ಸಿನೊಡನೆ ಆದ ಒಡಂಬಡಿಕೆಯು 1962ನೆಯ ಇಸವಿ ಆಗಸ್ಟ್ 16ರಂದು ಜಾರಿಗೆ ಬಂದಾಗ, ಫ್ರೆಂಚ್ ರಾಷ್ಟ್ರೀಯತೆಯನ್ನು ಬಯಸುವವರಿಗೆ ಆರು ತಿಂಗಳ ಅವಕಾಶವಿದ್ದಿತು. ಈ ಮಾರ್ಗದಲ್ಲಿ ಕಚೇರಿಗೆ ಹೋಗಬೇಕಾದವನು ಹೊರಗುಳಿಯಬಯಸುವವನು, ಸುಮ್ಮನಿದ್ದವನು ಒಳಗಿರುವನು. ಮುಪ್ಪಿನಿಂದಲೋ ರೋಗದಿಂದಲೋ ಓದು ಬಾರದ್ದರಿಂದಲೋ ದೂರದ ಹಳ್ಳಿಯಲ್ಲಿರುವುದರಿಂದಲೋ ಸುಮ್ಮನಿರುವವರೇ ಯಾವ ದೇಶದಲ್ಲಿಯೂ ಬಹಳ ಮಂದಿ. ಅವರ ಮೌನವನ್ನು ಕಾಯಿದೆಯು ಯಾವ ಕಡೆಗೆ ಎಣಿಸುತ್ತದೆಂಬುದರ ಮೇಲೆ ಅವರ ಮಕ್ಕಳ ಭವಿಷ್ಯವು ನಿಂತಿರುವುದು.

ಅರ್ಜಿಯ ಮಾರ್ಗವು ಎಲ್ಲ ಕಾಲಕ್ಕೂ ತಪ್ಪೆಂದು ನಾವು ಹೇಳುವುದಿಲ್ಲ. ಎಲ್ಲಿಂದಲೋ ಬಂದವನನ್ನು ಯಾವ ವಿಚಾರಣೆಯೂ ಇಲ್ಲದೆ ಒಳಗೆ ಸೇರಿಸಿಕೊಳ್ಳುವುದು ಯಾವ ರಾಜ್ಯಕ್ಕೂ ಸಾಧ್ಯವಿಲ್ಲ; ಅವನ ಇಚ್ಛೆಯೇನೆಂಬುದನ್ನು ಅವನ ಬಾಯಿಂದ ಕೇಳುವುದೂ ನ್ಯಾಯವೇ. ಆದರೆ ಮನುಷ್ಯನು ತಾನಿದ್ದಲ್ಲಿಯೇ ಇದ್ದು, ರಾಜ್ಯದ ಎಲ್ಲೆಯು ಅವನ ಮೇಲೆ ಹಾದುಹೋದಾಗ, ಆ ಎಲ್ಲೆಯ ಯಾವ ಕಡೆಗಿರುವೆನೆಂದು ರುಜುವಾತುಪಡಿಸುವ ಭಾರವನ್ನು ಅವನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಎಲ್ಲೆಯನ್ನು ಸರಿಸಿದವರು ಆ ಭಾರವನ್ನು ಹೊರಬೇಕು. ಅರ್ಜಿಯು ಬೇಕೇಬೇಕಾದ ಕಡೆ ಗಡುವನ್ನು ಮುಂಚಿತವಾಗಿ ಸಾರಬೇಕು; ಸರದಿಯ ಮೇಲೆ ಹಂಚಬೇಕು; ಗಡುವಿನೊಳಗೆ ಬಂದ ಕಾಗದವನ್ನು ತಾರೀಖಿನೊಡನೆ ತೆಗೆದುಕೊಂಡು ವಿಚಾರಣೆಯನ್ನು ಆಮೇಲೆ ನಡೆಸಬೇಕು; ಗಡುವನ್ನು ತಪ್ಪಿದವನಿಗೆ ಮತ್ತೊಂದು ಬಾಗಿಲಿರಬೇಕು. ಈ ನಾಲ್ಕರಲ್ಲಿ ಮೊದಲಿನ ಮೂರು ಆಡಳಿತದ ಜಾಣತನಕ್ಕೆ ಸೇರಿದುವು. ನಾಲ್ಕನೆಯದು ಮಾತ್ರ ರಾಜಧರ್ಮಕ್ಕೆ ಸೇರಿದುದು. ನಮ್ಮ ದೇಶದಲ್ಲಿಯೇ ಆ ನಾಲ್ಕನೆಯ ಬಾಗಿಲನ್ನು ತೆರೆಯಲು ಸುಮಾರು ಆರು ವರ್ಷ ಹಿಡಿಯಿತೆಂಬುದನ್ನು ಮೇಲೆ ನೋಡಿದೆವು.

ಸಾವಳಗಿಯು 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೂ, 1956ನೆಯ ಇಸವಿ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೂ ಸೇರಿತು. 1973ರಲ್ಲಿ ಆ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ವಿಜಾಪುರ ಜಿಲ್ಲೆಯು ಒಡೆದು ಅದು ಬಾಗಲಕೋಟೆ ಜಿಲ್ಲೆಯ ಊರಾಯಿತು. ಇಷ್ಟು ಸಲ ಮೇಲಿನ ಹೆಸರು ಬದಲಾದರೂ ಆ ಊರಿನವರು ತಾವು ಯಾವ ದೇಶದವರೆಂದು ಒಂದು ಸಲವೂ ಅರ್ಜಿ ಬರೆದುಕೊಡಬೇಕಾಗಲಿಲ್ಲ. ಗಾದೆಯಲ್ಲಿ ಹೇಳಿದಂತೆ ಜೋಳವನ್ನು ಬೀಸುವುದು ಅಲ್ಲಿ ತಪ್ಪಲಿಲ್ಲ ನಿಜ. ಆದರೆ ಅದು ತಾನಾಗಿ ನಡೆದುಹೋದುದಲ್ಲ. ಸೇರ್ಪಡೆಯ ಪತ್ರದಲ್ಲಿ ಒಂದು ಮಾತನ್ನೂ ರಾಜ್ಯಾಂಗದಲ್ಲಿ ಒಂದು ವಿಧಿಯನ್ನೂ ಬರೆದವರು ಆ ಊರಿನವರ ಮೌನವನ್ನು ಒಳಗಿನವರ ಮೌನವೆಂದು ಎಣಿಸಿದರು, ಆದುದರಿಂದ ನಡೆಯಿತು.